60ರಿಂದ 65ಕ್ಕೆ ಬಂದರೆ ಅದು 81 ಪರ್ಸೆಂಟಾ? ಗುರಿಯ ಗ್ರಾಫ್ ಹೇಗೆ ಬರೆಯುವುದು?

ಲಿಲಾಂಗ್ವೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು. ಮಲಾವಿಯಲ್ಲಿ ಒಂದು ನೈರ್ಮಲ್ಯ ಯೋಜನೆಯ ಮಾನಿಟರಿಂಗ್ ಕೆಲಸ ನನ್ನದು. ಹೊರದೇಶದ ದುಡ್ಡಿನಲ್ಲಿ ನಡೆಯುವ ಯೋಜನೆ. ಮೂರು ತಿಂಗಳಿಗೊಮ್ಮೆ ದುಡ್ಡು ಕೊಡುವವರಿಗೆ ರಿಪೋರ್ಟ್ ಕಳಿಸಬೇಕು.

ನಮ್ಮ ಮುಖ್ಯ ಗುರಿ ಒಂದೇ. ಬಳಸಲು ಬರುವಂಥ ಶೌಚಾಲಯ ಇರುವ ಮನೆಗಳು ಜಾಸ್ತಿಯಾಗಬೇಕು. ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಶುರುವಿನಲ್ಲಿ ನೂರಕ್ಕೆ 60 ಮನೆಗಳಲ್ಲಿ ಇತ್ತು. ನಾಲ್ಕು ವರ್ಷದಲ್ಲಿ 80 ಆಗಬೇಕು. ಎರಡು ವರ್ಷ ಕಳೆದಿದೆ, ಈಗ 65. ಆಫೀಸಿನ ಡ್ಯಾಶ್‌ಬೋರ್ಡ್‌ನಲ್ಲಿ ಸ್ಪೀಡೋಮೀಟರ್ ಥರದ ಒಂದು ಚಿತ್ರ ಇದೆ. ಅದರ ಮುಳ್ಳು 81ರ ಮೇಲೆ ನಿಂತಿದೆ. ಬಣ್ಣ ಹಸಿರು. ಯಾಕೆಂದರೆ ಅದು 65ನ್ನು 80ರಿಂದ ಭಾಗಿಸುತ್ತದೆ, ಅಷ್ಟೇ.

ಹೋದ ತಿಂಗಳು, ಮಳೆ ನಿಂತ ಮೇಲೆ, ಸರೋವರದ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಮರಳು ಮಣ್ಣು. ಒಬ್ಬ ತಾಯಿ ಮನೆ ಹಿಂದೆ ಕರೆದುಕೊಂಡು ಹೋಗಿ ತೋರಿಸಿದರು. ಗುಂಡಿಯ ಮೇಲೆ ಹಾಸಿದ್ದ ಮರದ ದಿಮ್ಮಿಗಳು ಒಂದು ಕಡೆ ವಾಲಿ ಒಳಗೆ ಜಾರಿದ್ದವು. ಮಣ್ಣಿನ ಗೋಡೆ ಕುಸಿದು ಗುಂಡಿ ಅರ್ಧ ತುಂಬಿತ್ತು. ಒಂದು ಕಂಬಕ್ಕೆ ಕೈ ತೊಳೆಯುವ ನೀರಿನ ಡಬ್ಬಿ ಇನ್ನೂ ನೇತಾಡುತ್ತಿತ್ತು. ಮಳೆಗೆ ಮುಂಚೆ ಮಾಡಿದ ಸರ್ವೆಯಲ್ಲಿ ಆ ಮನೆ "ಇದೆ" ಅಂತ ಸೇರಿದೆ. ನಮ್ಮ 65ರಲ್ಲಿ ಅದು ಇನ್ನೂ ನಿಂತೇ ಇದೆ.

ವಾಪಸ್ ಬಂದು ಆ ಹಸಿರು ಮುಳ್ಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ನಾನೇ ಪ್ರತಿ ಸಲ ಕಳಿಸುವ ಚಿತ್ರ ಅದು. ಇದನ್ನು ಸರಿಯಾಗಿ ಬರೆಯುವುದು ಹೇಗೆ? ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಲೆಕ್ಕದ ಮನೆ

ಮೊದಲು ಆ ಭಾಗಾಕಾರ ಬಿಡಿ ಮೇಡಂ. ಹುಬ್ಬಳ್ಳಿಯಲ್ಲಿ ಬೆಂಗಳೂರಿನ ಬಸ್ ಹತ್ತಿದವರು ಎಷ್ಟು ದೂರ ಬಂದೆವು ಅನ್ನುವುದನ್ನು ಹುಬ್ಬಳ್ಳಿಯಿಂದ ಲೆಕ್ಕ ಹಾಕುತ್ತಾರೆ, ಬೆಳಗಾವಿಯಿಂದ ಅಲ್ಲ. ನೀವು ಹೊರಟಿದ್ದು 60ರಿಂದ. ಕ್ರಮಿಸಬೇಕಾದ್ದು 20. ಕ್ರಮಿಸಿದ್ದು 5. ಅಂದರೆ ನೂರಕ್ಕೆ 25. ಅರ್ಧ ಕಾಲ ಮುಗಿದಿದೆ, ಕಾಲು ಭಾಗ ದಾರಿ ಸಾಗಿದೆ. ಯೋಜನೆ ಶುರುವಾಗುವ ಮೊದಲ ದಿನವೇ ನಿಮ್ಮ ಸ್ಪೀಡೋಮೀಟರ್ 75 ತೋರಿಸುತ್ತಿತ್ತು, ಗಮನಿಸಿದ್ದೀರಾ? ಒಂದು ಕಲ್ಲೂ ಇಡುವ ಮುಂಚೆ!

ಇಳಿಯಬೇಕಾದ ಅಂಕಿಗಳಲ್ಲಿ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. ಐದು ವರ್ಷದೊಳಗಿನ ಮಕ್ಕಳ ಸಾವಿನ ಲೆಕ್ಕ ತೆಗೆದುಕೊಳ್ಳಿ. 1990ರಲ್ಲಿ ಇಡೀ ಜಗತ್ತಿನಲ್ಲಿ ಸಾವಿರ ಹುಟ್ಟಿಗೆ 90 ಸಾವು ಇತ್ತು. ವಿಶ್ವಸಂಸ್ಥೆ 2015ಕ್ಕೆ ಅಂತ ಇಟ್ಟಿದ್ದ ಸಹಸ್ರಮಾನದ ಗುರಿ ಅದನ್ನು ಮೂರನೇ ಒಂದಕ್ಕೆ, ಅಂದರೆ 30ಕ್ಕೆ, ಇಳಿಸುವುದು. 2015ರಲ್ಲಿ ಮುಟ್ಟಿದ್ದು 43. ಇಲ್ಲಿ 43ನ್ನು 30ರಿಂದ ಭಾಗಿಸಿದರೆ 143 ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಇಳಿಯಬೇಕಾದ್ದು 60, ಇಳಿದದ್ದು 47. ನೂರಕ್ಕೆ 78. ಗುರಿ ತಪ್ಪಿತು ಅನ್ನುವುದು ಸತ್ಯ. ಲಕ್ಷಾಂತರ ಮಕ್ಕಳು ಉಳಿದರು ಅನ್ನುವುದೂ ಸತ್ಯ. ಹೊರಟ ಜಾಗ ತೋರಿಸಿದರೆ ಮಾತ್ರ ಎರಡೂ ಒಟ್ಟಿಗೆ ಕಾಣುತ್ತವೆ.

ಸ್ಪೀಡೋಮೀಟರ್ ತೆಗೆದುಬಿಡಿ. ಅದರಲ್ಲಿ ಕಾಲ ಅನ್ನುವುದೇ ಇಲ್ಲ. ಒಂದು ಅಡ್ಡ ಗೆರೆ ಎಳೆಯಿರಿ. ಎಡ ತುದಿಯಲ್ಲಿ 60, ಬಲ ತುದಿಯಲ್ಲಿ 80. ಇವತ್ತಿಗೆ ಎಲ್ಲಿರಬೇಕಿತ್ತೋ ಅಲ್ಲಿ ಮೇಲಿಂದ ಕೆಳಗೆ ಒಂದು ಸಣ್ಣ ಗೀಟು, ಎಲ್ಲಿದ್ದೀರೋ ಅಲ್ಲಿ ಕಪ್ಪು ಚುಕ್ಕೆ. ಪುಟಕ್ಕೆ ಇಂಥ ಹತ್ತು ಗೆರೆ ಹಿಡಿಸುತ್ತವೆ.

ಲಿಲಾಂಗ್ವೆಯಿಂದ

ತುಂಬಾ ಥ್ಯಾಂಕ್ಸ್ ಸರ್. ಮೊದಲ ದಿನವೇ 75 ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು ಅನುಮಾನ. ಇವತ್ತಿಗೆ ಎಲ್ಲಿರಬೇಕಿತ್ತು ಅನ್ನುವುದನ್ನು ಹೇಗೆ ನಿರ್ಧರಿಸುವುದು? ಅರ್ಧ ಕಾಲ ಆಗಿದೆ, ಹಾಗಾಗಿ 70 ಅಂತ ಹಾಕಲೇ? ಆದರೆ ಇಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಪ್ರತಿ ವರ್ಷ ಒಂದಷ್ಟು ಶೌಚಾಲಯ ಬೀಳುತ್ತವೆ, ಜನ ಒಣ ಕಾಲದಲ್ಲಿ ಮತ್ತೆ ಕಟ್ಟುತ್ತಾರೆ. ನಮ್ಮ ಅಂಕಿ ಹಲ್ಲು ಹಲ್ಲಾಗಿ ಹೋಗುತ್ತದೆ, ನೇರ ಗೆರೆಯಾಗಿ ಅಲ್ಲ.

ಲೆಕ್ಕದ ಮನೆ

ಹಾಗಿದ್ದರೆ ಏಪ್ರಿಲ್ಲನ್ನು ಹಿಂದಿನ ಏಪ್ರಿಲ್ ಜೊತೆ ಹೋಲಿಸಿ, ಅಕ್ಟೋಬರನ್ನು ಅಕ್ಟೋಬರ್ ಜೊತೆ. ಮಳೆಗೆ ಮುಂಚಿನ ಅಂಕಿಯ ಪಕ್ಕ ಮಳೆ ಆದ ಮೇಲಿನ ಅಂಕಿ ಇಟ್ಟು ಹಿಂದೆ ಬಿದ್ದೆವು ಅಂದರೆ ಅದೂ ತಪ್ಪೇ. ಹಾಗೇ, ಯಾವ ತಿಂಗಳ ಸರ್ವೆ ಅನ್ನುವುದನ್ನು ಚುಕ್ಕೆಯ ಪಕ್ಕದಲ್ಲೇ ಬರೆಯಿರಿ. ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ.

ಪಲ್ಸ್ ಪೋಲಿಯೊ ಕಾಲದವನು

ನೇರ ಗೆರೆಯ ಬಗ್ಗೆ ನಾನೂ ಸ್ವಲ್ಪ ಹೇಳಬೇಕು. ಆ ಕಾಲದಲ್ಲಿ ನಾನು ಬೂತ್‌ನಲ್ಲಿ ಕೂತವನು, ಮನೆ ಮನೆ ಸುತ್ತಿದವನು.

ನಮ್ಮ ದೇಶದ ಪೋಲಿಯೊ ಕೇಸುಗಳು ಹೀಗಿದ್ದವು: 2006ರಲ್ಲಿ 676. 2007ರಲ್ಲಿ 874. 2008ರಲ್ಲಿ 559. 2009ರಲ್ಲಿ 741. ಗುರಿ ಸೊನ್ನೆ. ಇದನ್ನು ಬಾರ್ ಗ್ರಾಫ್ ಮಾಡಿದರೆ ನಾಲ್ಕು ವರ್ಷ ಒಂದು ಇಂಚೂ ಮುಂದೆ ಹೋಗಿಲ್ಲ ಅಂತಲೇ ಕಾಣುತ್ತದೆ. ಇದು ಎಂದೂ ಹೋಗದ ರೋಗ ಅಂತ ಆಗ ಎಷ್ಟೋ ಜನ ಅಂದುಕೊಂಡಿದ್ದರು. ಆಮೇಲೆ 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಜನವರಿ 13ರಂದು ಹೌರಾದಲ್ಲಿ. ಸಹಜವಾಗಿ ಹರಡುವ ವೈರಸ್‌ನ ಕೇಸುಗಳಲ್ಲಿ ಅದೇ ಕೊನೆಯದು.

ಆದರೆ ಆ ನಾಲ್ಕು ವರ್ಷ ಏನೂ ಆಗಲಿಲ್ಲ ಅನ್ನುವುದು ಸುಳ್ಳು. 2006ರ 676ರಲ್ಲಿ 648 ಕೇಸು ಟೈಪ್ 1 ವೈರಸ್‌ನವು. 2009ರ 741ರಲ್ಲಿ ಟೈಪ್ 1 ಇದ್ದದ್ದು ಸುಮಾರು 80 ಮಾತ್ರ, ಉಳಿದದ್ದೆಲ್ಲ ಟೈಪ್ 3. ಬೇಗ ಹರಡುವ ಟೈಪ್ 1ರ ಮೇಲೆ ಮೊದಲು ಜೋರು ಹಾಕಿದ್ದರು, ಅದು ಫಲಿಸಿತ್ತು. 2010ರ ಜನವರಿಯಿಂದ ಎರಡೂ ಟೈಪ್‌ಗೆ ಒಟ್ಟಿಗೆ ಕೆಲಸ ಮಾಡುವ ಲಸಿಕೆ ಬಂತು, ಎರಡೂ ಬಿದ್ದವು. ಒಂದೇ ಬಾರ್‌ನಲ್ಲಿ ಎರಡನ್ನೂ ಕಲಸಿದ ಚಿತ್ರದಲ್ಲಿ ಇದು ಯಾವುದೂ ಕಾಣುವುದಿಲ್ಲ. ಅದೇ ಬಾರ್‌ಗೆ ಎರಡು ಬಣ್ಣ ಹಾಕಿದ್ದರೆ ಮಗು ಕೂಡ ಹೇಳುತ್ತಿತ್ತು.

ಇನ್ನೊಂದು ನೆನಪು. ಸುತ್ತು ಮುಗಿದ ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಪಿ ಅಂತ ಬರೆಯುತ್ತಿದ್ದೆವು. ಯಾವ ಮನೆಯಲ್ಲಿ ಮಗು ತಪ್ಪಿತೋ ಅಲ್ಲಿ ಎಕ್ಸ್. ಮರುದಿನ ಬೀದಿಗೆ ಹೋದರೆ ಎಕ್ಸ್‌ಗಳು ತಾವೇ ಕಣ್ಣಿಗೆ ಹೊಡೆಯುತ್ತಿದ್ದವು. ಅಂಥ ಮನೆಗಳಿಗೇ ಮತ್ತೆ ಹೋಗುತ್ತಿದ್ದೆವು. ನಾನು ನೋಡಿದ ಪ್ರಗತಿ ಚಿತ್ರಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದ್ದದ್ದು. ಏನು ಬಾಕಿ ಇದೆ ಅನ್ನುವುದನ್ನು ಅದು ಬಾಕಿ ಇರುವ ಜಾಗದಲ್ಲೇ ತೋರಿಸುತ್ತಿತ್ತು.

ಢಾಕಾ ದಿನಗಳು

ಬಾಗಿಲ ಮೇಲಿನ ಗುರುತಿನ ಮಾತು ಬಂದದ್ದಕ್ಕೆ ನನಗೆ ಬಾಂಗ್ಲಾದೇಶದ ಬಾವಿಗಳು ನೆನಪಾದವು. ಅಲ್ಲಿ ಎರಡು ವರ್ಷ ನೀರಿನ ಯೋಜನೆಯಲ್ಲಿದ್ದೆ.

ಅಲ್ಲಿ 1970ರ ದಶಕದಿಂದ ಸರ್ಕಾರ ಮತ್ತು ಯುನಿಸೆಫ್ ಸೇರಿ ಕೈಪಂಪಿನ ಕೊಳವೆಬಾವಿಗಳಿಗೆ ತುಂಬಾ ಉತ್ತೇಜನ ಕೊಟ್ಟರು. ಆಮೇಲೆ ಜನರೇ ತಮ್ಮ ದುಡ್ಡಿನಲ್ಲಿ ಹಾಕಿಸಿಕೊಂಡರು. ಕೆರೆ ಕುಂಟೆ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದ ಕಾಲ ಅದು. ಎಷ್ಟು ಬಾವಿ, ಎಷ್ಟು ಜನಕ್ಕೆ ನೀರು ಅನ್ನುವ ಗ್ರಾಫ್ ಏರುತ್ತಲೇ ಹೋಯಿತು, ಹೆಚ್ಚುಕಡಿಮೆ ನೂರರ ಹತ್ತಿರ ಬಂತು. ಎಲ್ಲರೂ ಹೊಗಳಿದ ಕೆಲಸ. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇದೆ ಅಂತ ಗೊತ್ತಾಯಿತು. ಗ್ರಾಫ್ ಎಣಿಸಿದ್ದು ಪಂಪನ್ನು. ಅದರ ಬಾಯಿಂದ ಬರುವ ನೀರಿನೊಳಗೆ ಏನಿದೆ ಅಂತ ಅದು ಕೇಳಿರಲಿಲ್ಲ.

2000ದ ಆಸುಪಾಸಿನಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷೆ ಮಾಡಿದರು. ಆರ್ಸೆನಿಕ್ ಜಾಸ್ತಿ ಇದ್ದರೆ ಪಂಪಿನ ಬಾಯಿಗೆ ಕೆಂಪು ಬಣ್ಣ, ಇಲ್ಲದಿದ್ದರೆ ಹಸಿರು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು. ಓದು ಬರದವರಿಗೂ ಅರ್ಥವಾಗುವ ಚಿತ್ರ. ಎಷ್ಟೋ ಹೆಂಗಸರು ಪಕ್ಕದ ಮನೆಯ ಹಸಿರು ಪಂಪಿಗೆ ಕೊಡ ಹಿಡಿದು ಹೊರಟರು.

ಆದರೆ ಒಂದು ಸಂಗತಿ ನನ್ನನ್ನು ಈಗಲೂ ಕಾಡುತ್ತದೆ. ಆ ದೇಶದ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 10. ಅಂದರೆ 45 ಇದ್ದ ಬಾವಿಯೂ ಹಸಿರು, 2 ಇದ್ದ ಬಾವಿಯೂ ಹಸಿರು. ಅಕ್ಕಪಕ್ಕದಲ್ಲೇ ಎರಡು ಹಸಿರು ಪಂಪ್ ಇದ್ದರೆ ಯಾವುದರ ನೀರು ಮೇಲು ಅಂತ ಆ ತಾಯಿಗೆ ಹೇಳುವವರು ಯಾರು? ಜೊತೆಗೆ, ಬಿಸಿಲಿಗೆ ಮಳೆಗೆ ಕೆಲವೇ ವರ್ಷದಲ್ಲಿ ಬಣ್ಣ ಮಾಸಿತು. ಹೊಸದಾಗಿ ಹಾಕಿಸಿಕೊಂಡ ಬಾವಿಗಳಿಗೆ ಬಣ್ಣವೇ ಇರಲಿಲ್ಲ. ಬಣ್ಣ ಹಚ್ಚಿದರೆ ಮತ್ತೆ ಮತ್ತೆ ಹಚ್ಚುವ ದುಡ್ಡನ್ನೂ ಯೋಜನೆಯಲ್ಲಿ ಇಡಬೇಕು. ಇದು ಡ್ಯಾಶ್‌ಬೋರ್ಡಿಗೂ ಅನ್ವಯಿಸುತ್ತದೆ ಅಲ್ವಾ?

ಲೆಕ್ಕದ ಮನೆ

ಖಂಡಿತ. ರಾಜ್ಯಗಳಿಗೆ ನೂರಕ್ಕೆ ಇಷ್ಟು ಅಂತ ಅಂಕ ಕೊಡುವ ನಮ್ಮ ನೀತಿ ಆಯೋಗದ ಸುಸ್ಥಿರ ಅಭಿವೃದ್ಧಿ ಸೂಚ್ಯಂಕದಲ್ಲೂ ಇದೇ ಕಥೆ. 65ರಿಂದ 99ರವರೆಗೆ ಒಂದೇ ಹಸಿರು. 64 ಆದರೆ ಹಳದಿ. 64ಕ್ಕೂ 65ಕ್ಕೂ ನಡುವೆ ದೊಡ್ಡ ಕಂದಕ, 65ಕ್ಕೂ 99ಕ್ಕೂ ನಡುವೆ ಏನೂ ಇಲ್ಲ ಅನ್ನುವಂತೆ ನಕ್ಷೆ ಕಾಣುತ್ತದೆ. ಬಣ್ಣದೊಳಗೆ ಅಂಕಿಯನ್ನೂ ಬರೆದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ಜನರೂ ಇದ್ದಾರೆ, ಅವರಿಗೂ ಅದೇ ಉಪಾಯ.

ಜಿಲ್ಲಾ ಕಚೇರಿ ಮೂಲೆಯಿಂದ

ಎಲ್ಲರ ಮಾತೂ ಒಪ್ಪುತ್ತೇನೆ. ಆದರೂ ಬಣ್ಣದ ಪರವಾಗಿ ಒಂದು ಮಾತು. ಹಿಂದುಳಿದ ಜಿಲ್ಲೆಗಳಿಗಾಗಿ 2018ರಲ್ಲಿ ಶುರುವಾದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮದಲ್ಲಿ 112 ಜಿಲ್ಲೆ, 49 ಸೂಚಕ. ನಮ್ಮ ರಾಯಚೂರು, ಯಾದಗಿರಿ ಎರಡೂ ಅದರಲ್ಲಿವೆ. ಸಭೆಯಲ್ಲಿ ಸಾಹೇಬರಿಗೆ ಸಿಗುವುದು ಹತ್ತು ನಿಮಿಷ. 49 ಗೆರೆ ನೋಡಲು ಆಗುವುದಿಲ್ಲ. ಬಣ್ಣ ಇಲ್ಲದಿದ್ದರೆ ಯಾವುದನ್ನು ಮೊದಲು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ.

ಆ ಕಾರ್ಯಕ್ರಮದಲ್ಲಿ ನನಗೆ ಇಷ್ಟವಾದದ್ದು, ಜಿಲ್ಲೆ ಎಲ್ಲಿದೆ ಅನ್ನುವುದಕ್ಕಿಂತ ಎಷ್ಟು ಮುಂದೆ ಬಂತು ಅನ್ನುವುದಕ್ಕೆ ರ‍್ಯಾಂಕ್ ಕೊಡುತ್ತಾರೆ. ಹಿಂದೆ ಉಳಿದ ಜಿಲ್ಲೆಗೂ ಮೇಲೆ ಬರುವ ಅವಕಾಶ ಇದೆ. ಅದರ ತೊಂದರೆ ಏನು ಅಂದರೆ, ಚೆನ್ನಾಗಿ ಮಾಡಿ ಮೇಲೆ ಬಂದ ಜಿಲ್ಲೆಗೆ ಏರಲು ಜಾಗವೇ ಕಡಿಮೆ. ಆ ತಿಂಗಳ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಕೆಲಸ ಮಾಡಿದವರಿಗೆ ಬೇಜಾರಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಢಾಕಾ ದಿನಗಳು

ಒಪ್ಪಿದೆ ಸರ್. ಬಣ್ಣ ಇರಲಿ. ಗುರಿಯಿಂದ ಅತಿ ದೂರ ಇರುವುದನ್ನು ಮೇಲೆ ಇಟ್ಟು, ಆ ಕ್ರಮದಲ್ಲಿ ಸಾಲು ಜೋಡಿಸಿದರೆ ಸಾಹೇಬರ ಹತ್ತು ನಿಮಿಷ ಸರಿಯಾದ ಕಡೆ ಹೋಗುತ್ತದೆ.

ಹಳೇ ಹೆಲ್ತ್ ಇನ್‌ಸ್ಪೆಕ್ಟರ್

ಮಕ್ಕಳೇ, ನಾನು ನಿವೃತ್ತನಾಗಿ ಬಹಳ ವರ್ಷವಾಯಿತು. ನಾರುಹುಣ್ಣು ಅನ್ನುವ ರೋಗವನ್ನು ನಿಮ್ಮಲ್ಲಿ ಬಹುಪಾಲು ಜನ ನೋಡಿರಲಿಕ್ಕಿಲ್ಲ. ನೋಡುವುದೂ ಬೇಡ. ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಅದರಿಂದ ಬಿಳಿ ದಾರದಂಥ ಹುಳು ಹೊರಬರುತ್ತಿತ್ತು. ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಕಿತ್ತರೆ ತುಂಡಾಗಿ ಕಾಲು ಕೀವು ತುಂಬುತ್ತದೆ. ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುವ ಹಳ್ಳಿಗಳಲ್ಲಿ ಇದು ಜಾಸ್ತಿ. ಆ ಕಾಲು ನೀರಿಗೆ ಬಿದ್ದರೆ ಹುಳು ಅಲ್ಲೇ ಮರಿ ಬಿಡುತ್ತದೆ, ಮರಿಗಳು ನೀರಿನ ಸಣ್ಣ ಜೀವಿಗಳ ಹೊಟ್ಟೆ ಸೇರುತ್ತವೆ, ಆ ನೀರು ಕುಡಿದವರಿಗೆ ಒಂದು ವರ್ಷದ ಮೇಲೆ ಮತ್ತೆ ಹುಳು.

1980ರ ದಶಕದ ಶುರುವಿನಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಆಗ ದೇಶದಲ್ಲಿ ಸುಮಾರು 40 ಸಾವಿರ ಕೇಸು, ಏಳು ರಾಜ್ಯಗಳಲ್ಲಿ. ಕರ್ನಾಟಕವೂ ಒಂದು. ಲಸಿಕೆ ಇಲ್ಲ, ಔಷಧಿ ಇಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ, ಹುಣ್ಣು ಇದ್ದವರು ಬಾವಿಗೆ ಇಳಿಯಬೇಡಿ, ಮೆಟ್ಟಿಲುಬಾವಿ ಬಿಟ್ಟು ಬೋರ್‌ವೆಲ್ ನೀರು ತನ್ನಿ. ಇಷ್ಟೇ. 1996ರ ಜುಲೈನಲ್ಲಿ ಜೋಧಪುರ ಜಿಲ್ಲೆಯಲ್ಲಿ ಕೊನೆಯ ಕೇಸು. 2000ದ ಫೆಬ್ರುವರಿಯಲ್ಲಿ ಭಾರತ ಮುಕ್ತ ಅಂತ ಸರ್ಟಿಫಿಕೇಟ್ ಬಂತು.

ನಮ್ಮ ಆಫೀಸಿನ ಗೋಡೆಗೆ ತಾಲೂಕಿನ ನಕ್ಷೆ ಹಾಕಿದ್ದೆ. ಕೇಸು ಬಂದ ಹಳ್ಳಿಗೆ ಕೆಂಪು ಬಿಂದಿ. ಹೌದು, ನಿಜವಾದ ಬಿಂದಿಯೇ, ಸಂತೆಯಲ್ಲಿ ಒಂದು ಹಾಳೆ ತಂದಿದ್ದೆ. ಒಂದು ವರ್ಷ ಕೇಸು ಇಲ್ಲ ಅಂದರೆ ಬಿಂದಿ ತೆಗೆಯುವುದಿಲ್ಲ, ಅದರ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೀಟು. ಮೂರು ಗೀಟು ಆದ ಮೇಲೆ ಮಾತ್ರ ತೆಗೆಯುವುದು. ನಮಗೆ ಬೇಕಿದ್ದದ್ದು ಕೇಸುಗಳ ಒಟ್ಟು ಮೊತ್ತ ಅಲ್ಲ. ಇನ್ನೂ ಎಷ್ಟು ಊರು ಉಳಿದಿವೆ ಅನ್ನುವುದು.

ಈಗ ಜಗತ್ತಿನ ಲೆಕ್ಕ ನೋಡಿ. 1986ರಲ್ಲಿ ಸುಮಾರು 35 ಲಕ್ಷ ಕೇಸು. 2023ರಲ್ಲಿ 14. ನನ್ನ ಮೊಮ್ಮಗ ಕಂಪ್ಯೂಟರ್‌ನಲ್ಲಿ ಗ್ರಾಫ್ ಮಾಡಿ ತೋರಿಸಿದ. ಕೊನೆಯ ಹದಿನೈದು ವರ್ಷದ ಕಂಬಗಳು ಕಾಣಲೇ ಇಲ್ಲ, ನೆಲಕ್ಕೆ ಅಂಟಿಕೊಂಡಿದ್ದವು. ಮುಗಿಯಿತಲ್ಲ ತಾತ ಅಂದ. ಮುಗಿದಿಲ್ಲ ಮಗು ಅಂದೆ. ಚಾಡ್ ದೇಶದಲ್ಲಿ 2012ರಿಂದ ಈಚೆಗೆ ನಾಯಿಗಳಲ್ಲಿ ಅದೇ ಹುಳು ನೂರಾರು ಸಂಖ್ಯೆಯಲ್ಲಿ ಸಿಕ್ಕಿದೆ. ಮನುಷ್ಯರ ಗ್ರಾಫ್‌ನಲ್ಲಿ ನಾಯಿಗಳಿಗೆ ಜಾಗವೇ ಇಲ್ಲ. ಮೊದಲು ಇಟ್ಟ ಗಡುವು 1995. ಅದು ಜರುಗುತ್ತಾ ಜರುಗುತ್ತಾ ಈಗ 2030ಕ್ಕೆ ಬಂದು ನಿಂತಿದೆ. ಹಳೆಯ ಗಡುವುಗಳನ್ನೂ ಗ್ರಾಫ್‌ನಲ್ಲಿ ಬಿಡಬೇಕು, ಅಳಿಸಬಾರದು. ಕೊನೆಯ ಹೆಜ್ಜೆ ಎಷ್ಟು ಕಷ್ಟ ಅನ್ನುವುದು ಅದರಿಂದಲೇ ತಿಳಿಯುತ್ತದೆ.

ಗೆರೆ ಬಣ್ಣ

ತಾತ, ನಿಮ್ಮ ಬಿಂದಿ ನಕ್ಷೆಯ ಮುಂದೆ ನಾವು ಮಾಡುವ ಡಿಸೈನ್ ಏನೂ ಅಲ್ಲ. ಮನಸಾರೆ ಹೇಳುತ್ತಿದ್ದೇನೆ.

ನೆಲಕ್ಕೆ ಅಂಟಿದ ಕಂಬಗಳಿಗೆ ಲಾಗ್ ಸ್ಕೇಲ್ ಅನ್ನುವ ದಾರಿ ಇದೆ. ಅದರಲ್ಲಿ ಪ್ರತಿ ಮೆಟ್ಟಿಲು ಕೆಳಗಿನದರ ಹತ್ತರಷ್ಟು: 10, 100, 1000, ಹೀಗೆ. 35 ಲಕ್ಷವೂ 14ನೂ ಒಂದೇ ಪುಟದಲ್ಲಿ ಕಾಣುತ್ತವೆ. ಆದರೆ ಅಭ್ಯಾಸ ಇಲ್ಲದವರು ಅದನ್ನು ನೋಡಿ, ಇಷ್ಟೇನಾ ಇಳಿದದ್ದು ಅಂದುಕೊಳ್ಳುತ್ತಾರೆ. ಸೊನ್ನೆಯನ್ನು ಅದರಲ್ಲಿ ತೋರಿಸಲೂ ಆಗುವುದಿಲ್ಲ, ಗುರಿಯೇ ಸೊನ್ನೆ ಆಗಿರುವಾಗ ಅದು ದೊಡ್ಡ ಕೊರತೆ. ಅದಕ್ಕೇ ನಾನು ಎರಡು ಗ್ರಾಫ್ ಮಾಡುತ್ತೇನೆ. ಎಡಕ್ಕೆ ಇಡೀ ಕಥೆ, ಬಲಕ್ಕೆ ಕೊನೆಯ ಹತ್ತು ವರ್ಷ ದೊಡ್ಡದಾಗಿ. ಪುಟ ಜಾಸ್ತಿ ಹಿಡಿಯುತ್ತದೆ, ಪರವಾಗಿಲ್ಲ.

ಹಾಗೇ, ಎಣಿಸುವ ರೀತಿ ಬದಲಾದ ಕಡೆ ಗೆರೆಯನ್ನು ಕತ್ತರಿಸಿ. ಕುಡಿಯುವ ನೀರಿನ ಸಹಸ್ರಮಾನದ ಗುರಿ 2010ರಲ್ಲೇ ಮುಟ್ಟಿತು ಅಂತ 2012ರಲ್ಲಿ ಘೋಷಿಸಿದರು. 2015ರಲ್ಲಿ ಜಗತ್ತಿನ ನೂರಕ್ಕೆ 91 ಜನಕ್ಕೆ ಸುಧಾರಿತ ನೀರಿನ ಮೂಲ ಇತ್ತು. ಆಮೇಲೆ ಬಂದ ಹೊಸ ಗುರಿ ಇನ್ನೂ ಮೂರು ಪ್ರಶ್ನೆ ಕೇಳಿತು. ನೀರು ಮನೆ ಅಂಗಳದಲ್ಲೇ ಇದೆಯಾ, ಬೇಕಾದಾಗ ಬರುತ್ತದಾ, ಶುದ್ಧವಾಗಿದೆಯಾ? 2017ರ ವರದಿಯಲ್ಲಿ ಅದೇ 2015ರ ಅಂಕಿ 71 ಆಯಿತು. ಜಗತ್ತು ಹಿಂದೆ ಹೋಗಲಿಲ್ಲ, ಪ್ರಶ್ನೆ ಬದಲಾಯಿತು. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ನೋಡಿದವರು ಗಾಬರಿಯಾಗುತ್ತಾರೆ.

ಮೇಲ್ವಿಚಾರಕಿ, ಸಿಂಧನೂರು ಕಡೆ

ನನಗೆ ಡ್ಯಾಶ್‌ಬೋರ್ಡ್ ಅಷ್ಟು ಗೊತ್ತಿಲ್ಲ. ಆದರೆ ಅಂಗನವಾಡಿಯಲ್ಲಿ ಮಗುವಿನ ಬೆಳವಣಿಗೆ ಚಾರ್ಟ್ ಇದೆಯಲ್ಲ, ಅದರಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿ ಇರುತ್ತದೆ. ಹೊಸ ಕಾರ್ಯಕರ್ತೆಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಚುಕ್ಕೆ ಯಾವ ಬಣ್ಣದಲ್ಲಿದೆ ಅಂತ ಮಾತ್ರ ನೋಡಬೇಡಿ, ಗೆರೆ ಯಾವ ಕಡೆ ಹೋಗುತ್ತಿದೆ ನೋಡಿ. ಹಸಿರಿನಲ್ಲಿದ್ದರೂ ಮೂರು ತಿಂಗಳಿಂದ ಗೆರೆ ಮಲಗಿದ್ದರೆ ಇವತ್ತೇ ಆ ಮನೆಗೆ ಹೋಗಬೇಕು. ಹಳದಿಯಲ್ಲಿದ್ದರೂ ಮೇಲೆ ಹತ್ತುತ್ತಿದ್ದರೆ ತಾಯಿಗೆ ಶಭಾಷ್ ಹೇಳಬೇಕು. ತಾಯಿಯೇ ಆ ಚಾರ್ಟನ್ನು ಕೈಯಲ್ಲಿ ಹಿಡಿದು ನೋಡಬೇಕು. ನಮ್ಮ ಬೀರುವಿನಲ್ಲಿ ಇದ್ದರೆ ಏನು ಬಂತು?

ಢಾಕಾ ದಿನಗಳು

ಅಕ್ಕ, ಆ ಚಾರ್ಟಿನ ಬೇರೂ ಹಳ್ಳಿಯಲ್ಲೇ ಇದೆ. ಡೇವಿಡ್ ಮಾರ್ಲಿ ಅನ್ನುವ ಡಾಕ್ಟರ್ 1950ರ ದಶಕದ ಕೊನೆಯಲ್ಲಿ ನೈಜೀರಿಯಾದ ಇಮೆಸಿ ಎಂಬ ಊರಿನಲ್ಲಿ ಕೆಲಸ ಮಾಡುವಾಗ ಇಂಥ ಕಾರ್ಡ್ ರೂಪಿಸಿದರು. ಆರೋಗ್ಯದ ದಾರಿ ಅಂತ ಅದಕ್ಕೆ ಹೆಸರು. ಕಾರ್ಡ್ ತಾಯಿಯ ಹತ್ತಿರವೇ ಇರಬೇಕು ಅನ್ನುವುದು ಅವರ ಪದ್ಧತಿ. ಅಲ್ಲಿಂದ ಎಷ್ಟೋ ದೇಶಗಳಿಗೆ ಹೋಯಿತು.

ಲಿಲಾಂಗ್ವೆಯಿಂದ

ಮೂರು ವಾರ ಆಯಿತು. ನಿಮಗೆಲ್ಲ ಹೇಳದೆ ಇರಲು ಆಗುತ್ತಿಲ್ಲ.

ರಿಪೋರ್ಟ್ ಬದಲಾಯಿಸಿದೆ. ಸ್ಪೀಡೋಮೀಟರ್ ಹೋಯಿತು. ಗೆರೆ ಬಂತು, 60ರಿಂದ 80. ಅದರ ಮೇಲೆ 65, ಪಕ್ಕದಲ್ಲಿ "ಅಕ್ಟೋಬರ್, ಮಳೆಗೆ ಮುಂಚೆ" ಅಂತ ಬರೆದೆ. 81 ಇದ್ದದ್ದು 25 ಹೇಗಾಯಿತು ಅಂತ ದುಡ್ಡು ಕೊಡುವವರಿಂದ ಫೋನ್ ಬಂತು. ಹಳೆಯ ಲೆಕ್ಕ ತಪ್ಪಿತ್ತು, ತಪ್ಪು ನಮ್ಮದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಮರಳು ನೆಲದ ಹಳ್ಳಿಗಳಿಗೂ ಉಳಿದವಕ್ಕೂ ಬೇರೆ ಬೇರೆ ಗೆರೆ ಎಳೆದು ಕಳಿಸಿ ಅಂದರು. ಎಳೆದೆ. ಗಟ್ಟಿ ಮಣ್ಣಿನ ಕಡೆ ನಾವು ಸರಿಯಾದ ವೇಗದಲ್ಲೇ ಇದ್ದೇವೆ. ಮರಳಿನ ಕಡೆ ಹೊರಟ ಜಾಗದಲ್ಲೇ ನಿಂತಿದ್ದೇವೆ. ಪೋಲಿಯೊದ ಎರಡು ಬಣ್ಣದ ಮಾತು ನೆನಪಾಯಿತು.

ತಾತನ ಬಿಂದಿ ಮತ್ತು ಸಿಂಧನೂರಿನ ಅಕ್ಕನ ಮಾತು ಇಟ್ಟುಕೊಂಡು ಆ ದಂಡೆಯ ಹಳ್ಳಿಗೆ ಮತ್ತೆ ಹೋದೆ. ದೊಡ್ಡ ಹಾಳೆಯ ಮೇಲೆ ಮನೆಗೊಂದು ಚೌಕ ಬರೆದೆ, 48 ಚೌಕ. ಆರೋಗ್ಯ ಸಹಾಯಕರು ಮನೆಯ ಹೆಸರು ಕರೆದಂತೆ, ಶೌಚಾಲಯ ಇದ್ದವರು ಬಂದು ತಮ್ಮ ಚೌಕದಲ್ಲಿ ಒಂದು ಮೆಕ್ಕೆಜೋಳದ ಕಾಳು ಇಟ್ಟರು. ಅರ್ಧ ಮುಗಿದಿತ್ತು. ಅಂದು ನನಗೆ ಕುಸಿದ ಗುಂಡಿ ತೋರಿಸಿದ ತಾಯಿ ಎದ್ದು ಬಂದರು. ಅವರು ಕಾಳು ಇಡಲಿಲ್ಲ, ಚೌಕ ಖಾಲಿಯೂ ಬಿಡಲಿಲ್ಲ. ನೆಲದಿಂದ ಒಂದು ಸಣ್ಣ ಕಲ್ಲು ಎತ್ತಿ ಇಟ್ಟರು. ನಾನು ಕಟ್ಟಿದ್ದೆ, ಬಿತ್ತು, ಕಟ್ಟಲೇ ಇಲ್ಲದವರ ಜೊತೆ ನನ್ನನ್ನು ಸೇರಿಸಬೇಡಿ ಅಂದರು. ಅವರ ಹಿಂದೆಯೇ ಇನ್ನೂ ಒಂಬತ್ತು ಜನ ಬಂದು ಕಲ್ಲು ಇಟ್ಟರು.

ನಮ್ಮ ಸರ್ವೆ ಫಾರ್ಮಿನಲ್ಲಿ ಇಷ್ಟು ದಿನ "ಇದೆ", "ಇಲ್ಲ" ಎರಡೇ ಇತ್ತು. ಈಗ "ಕಟ್ಟಿದ್ದರು, ಬಿದ್ದಿದೆ" ಅಂತ ಮೂರನೆಯದು ಸೇರಿಸಿದ್ದೇವೆ. ಮುಂದಿನ ವಾರ ಗುಂಡಿಯ ಒಳಗೋಡೆಗೆ ಇಟ್ಟಿಗೆ ಕಟ್ಟುವುದನ್ನು ಕಲಿಸಲು ಮೇಸ್ತ್ರಿ ಬರುತ್ತಿದ್ದಾರೆ. ಮೊದಲು ಆ ಹತ್ತು ಮನೆಗಳಿಗೆ.

ಹಳೇ ಹೆಲ್ತ್ ಇನ್‌ಸ್ಪೆಕ್ಟರ್

ಆ ಹಾಳೆಯನ್ನು ಅದೇ ಊರಿನಲ್ಲಿ ಬಿಟ್ಟು ಬಂದೆಯಾ ತಾಯಿ, ಇಲ್ಲ ಆಫೀಸಿಗೆ ತಂದೆಯಾ?

ಲಿಲಾಂಗ್ವೆಯಿಂದ

ಅಲ್ಲೇ ಬಿಟ್ಟು ಬಂದೆ ತಾತ. ಊರ ಮುಖ್ಯಸ್ಥರ ಮನೆಯ ಜಗಲಿ ಗೋಡೆಗೆ ಹಾಕಿದ್ದಾರೆ. ನಾನು ಫೋಟೋ ಮಾತ್ರ ತಂದಿದ್ದೇನೆ.